777 ಕೊಟ್ಟರೂ ತೆರೆಯದ ಫೈಲು

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರುವ ಹೊಸ ಹುಡುಗರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಎಸ್‌ಇಲಿನಕ್ಸ್‌ನಲ್ಲಿ. ಪ್ರತಿ ಫೈಲಿಗೂ ಒಂದು ಲೇಬಲ್ ಅಂಟಿಸಿ, ಯಾವ ಪ್ರೋಗ್ರಾಮ್ ಯಾವುದನ್ನು ಮುಟ್ಟಬಹುದು ಅಂತ ಕಾಯುವ ಲಿನಕ್ಸ್‌ನ ಭದ್ರತಾ ವ್ಯವಸ್ಥೆ ಅದು.

ಮೊನ್ನೆ ಒಬ್ಬ ಹುಡುಗ ಡ್ರಾಯಿಂಗ್ ಪಿಡಿಎಫ್‌ಗಳನ್ನು ತನ್ನ ಹೋಮ್ ಫೋಲ್ಡರಿನಿಂದ ವೆಬ್ ಫೋಲ್ಡರಿಗೆ ಹಾಕಿದ. ಬ್ರೌಸರ್‌ನಲ್ಲಿ ಬಂದದ್ದು 403, ಅಂದರೆ 'ಅನುಮತಿ ಇಲ್ಲ'. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಹಾಕಿದರೂ ಅದೇ.

"ಸರ್, 777 ಕೊಟ್ಟೀನ್ರೀ, ಆದ್ರೂ ಓಪನ್ ಆಗವಲ್ದು. ಎಸ್‌ಇಲಿನಕ್ಸ್ ಆಫ್ ಮಾಡ್ಲೇನ್ರೀ?"

"ಬ್ಯಾಡೋ ತಮ್ಮಾ. ಮೊದ್ಲು ಎಲ್‌ಎಸ್ ಮೈನಸ್ ಝಡ್ ಹೊಡದು ನೋಡು."

ಫೈಲುಗಳ ಲೇಬಲ್ ತೋರಿಸುವ ಕಮಾಂಡ್ ಅದು. ನೋಡಿದರೆ ಲೇಬಲ್ 'ಯೂಸರ್_ಹೋಮ್_ಟಿ' ಅಂತಲೇ, ಅಂದರೆ ಹೋಮ್ ಫೋಲ್ಡರಿನದೇ ಇತ್ತು. ಕಾಪಿ ಮಾಡಿದ್ದರೆ ಹೊಸ ಜಾಗದ ಲೇಬಲ್ ಬರುತ್ತಿತ್ತು. ಅವನು ಫೈಲನ್ನೇ ಸರಿಸುವ 'ಎಂವಿ' ಕಮಾಂಡ್ ಹೊಡೆದಿದ್ದ, ಹಳೇ ಲೇಬಲ್ ಜೊತೆಗೇ ಬಂತು. ಜಾಗಕ್ಕೆ ತಕ್ಕ ಲೇಬಲ್ ಹಾಕುವ 'ರಿಸ್ಟೋರ್‌ಕಾನ್' ಓಡಿಸಿದ ಕೂಡಲೇ ಪಿಡಿಎಫ್ ತೆರೆಯಿತು.

ಲಿನಕ್ಸ್‌ನ ತಿರುಳಾದ ಕರ್ನಲ್ ಮೊದಲು 777ರಂಥ ಹಳೇ ಪರ್ಮಿಷನ್ ನೋಡುತ್ತದೆ. ಅಲ್ಲಿ ಪಾಸಾದರೆ ಮಾತ್ರ ಎಸ್‌ಇಲಿನಕ್ಸ್ ಪಾಲಿಸಿ ನೋಡುತ್ತದೆ. ಎರಡೂ ಹೂಂ ಅನ್ನಬೇಕು. ಹಳೇ ಪರ್ಮಿಷನ್ ಫೈಲಿನ ಮಾಲೀಕನ ಕೈಯಲ್ಲಿರುತ್ತದೆ, ಅವನು ಯಾರಿಗೆ ಬೇಕಾದರೂ ಬಿಟ್ಟುಕೊಡಬಹುದು. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಖಾತೆಯಲ್ಲಿ ಓಡುವ ಪ್ರೋಗ್ರಾಮಿಗಂತೂ ಅದು ತಡೆಯೇ ಅಲ್ಲ. ಎಸ್‌ಇಲಿನಕ್ಸ್ ಕೇಳುವುದು ಬೇರೆ: ಈ ಪ್ರೋಗ್ರಾಮಿಗೆ ಈ ಫೈಲಿನಲ್ಲಿ ಏನು ಕೆಲಸ? ವೆಬ್‌ಸೈಟಿನ ಕೋಡ್‌ನಲ್ಲಿ ತೂತಿದ್ದು ಯಾರಾದರೂ ಒಳಗೆ ನುಗ್ಗಿದರು ಅನ್ನಿ. ವೆಬ್ ಪುಟ ಕೊಡುವ ಪ್ರೋಗ್ರಾಮ್ ಅಪಾಚೆಗೆ ಎಸ್‌ಇಲಿನಕ್ಸ್ ಹಾಕಿದ ಬೇಲಿ ಅವರಿಗೂ ಬೀಳುತ್ತದೆ. ಹೋಮ್ ಫೋಲ್ಡರಿನಲ್ಲಿ ಯಾರೋ ಸುಮ್ನೆ ಬಿಟ್ಟ ಬ್ಯಾಕಪ್ ಓದಲು ಆಗಲ್ಲ. ಹೊರಗಿನ ಸರ್ವರ್‌ಗೆ ಕನೆಕ್ಟ್ ಆಗುವುದೂ ಡೀಫಾಲ್ಟ್ ಆಗಿ ಬಂದ್.

ಇಷ್ಟು ಒಳ್ಳೆಯ ರಕ್ಷಣೆಯನ್ನು ಒಂದು 403 ಬಂತು ಅಂತ ಕಿತ್ತುಹಾಕುವುದು ನನಗೆ ನಿಜಕ್ಕೂ ಸಂಕಟ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದಲ್ಲಿ ಹೊರಬಿಟ್ಟ ಕೋಡ್ ಇದು, 2003ರ 2.6 ಕರ್ನಲ್‌ನಿಂದ ಲಿನಕ್ಸ್‌ನೊಳಗೇ ಇದೆ. ತಡೆದದ್ದನ್ನು ಸಾಮಾನ್ಯವಾಗಿ ಆಡಿಟ್ ಲಾಗ್‌ನಲ್ಲಿ ಬರೆದಿಡುತ್ತದೆ, ಓದಿದರೆ ಆಯ್ತು ಅಲ್ವಾ? ಅನುಮಾನ ಜಾಸ್ತಿ ಇದ್ದರೆ ಅಪಾಚೆಯೊಂದನ್ನೇ ಪರ್ಮಿಸಿವ್‌ಗೆ, ಅಂದರೆ ತಡೆಯದೆ ಲಾಗ್ ಮಾತ್ರ ಬರೆಯುವ ಸ್ಥಿತಿಗೆ ಹಾಕಿ ನೋಡಬಹುದು. ಅಪ್‌ಲೋಡ್ ಫೋಲ್ಡರಿಗೆ ಅಪಾಚೆ ಬರೆಯಬಹುದಾದ ಲೇಬಲ್ ಬೇಕಾದರೆ, ಪಾಲಿಸಿಯಲ್ಲೇ ದಾಖಲಿಸುವ 'ಸೆಮ್ಯಾನೇಜ್‌'ನಲ್ಲಿ ಕೊಡಿ. ಫೈಲಿನ ಮೇಲಷ್ಟೇ ಲೇಬಲ್ ಬದಲಿಸುವ 'ಸಿಎಚ್‌ಕಾನ್‌'ನಲ್ಲಿ ಕೊಟ್ಟದ್ದು, ಮುಂದೆ ಲೇಬಲ್‌ಗಳನ್ನು ಮತ್ತೆ ಹಾಕಿದಾಗ (ರಿಲೇಬಲ್) ಅಳಿಸಿಹೋಗುತ್ತದೆ.

ಉಬುಂಟು ಲಿನಕ್ಸ್‌ನಲ್ಲಿ ಇದೇ ಥರದ ಕೆಲಸ ಮಾಡುವ ಆಪ್‌ಆರ್ಮರ್ ಲೇಬಲ್ ಬದಲು ಫೈಲಿನ ದಾರಿ (ಪಾತ್) ನೋಡುತ್ತದೆ, ಹಾಗಾಗಿ ಈ 'ಎಂವಿ' ತಾಪತ್ರಯ ಅಲ್ಲಿಲ್ಲ.

ಹಾಗಂತ ಹಳೇ ಪರ್ಮಿಷನ್ ಸಡಿಲ ಬಿಡಬಾರದು. ಡೀಫಾಲ್ಟ್ ಪಾಲಿಸಿಯಲ್ಲಿ ಲಾಗಿನ್ ಆದ ಮಂದಿಗೆ ಎಸ್‌ಇಲಿನಕ್ಸ್ ಕಟ್ಟುಪಾಡು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರನ್ನು ತಡೆಯುವುದು ಹಳೇ ಪರ್ಮಿಷನ್ನೇ. ಅದಕ್ಕೇ ಆ 777 ಅವತ್ತೇ ತೆಗೆಸಿದೆ. ಪಿಡಿಎಫ್‌ಗಳಿಗೆ 644 (ಮಾಲೀಕ ಬರೆಯಬಹುದು, ಉಳಿದವರು ಓದಬಹುದಷ್ಟೇ), ಫೋಲ್ಡರಿಗೆ 755 (ಉಳಿದವರು ಒಳಗೆ ಹೋಗಿ ನೋಡಬಹುದು, ಬದಲಿಸಲಾರರು), ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿಗೆ 640 (ಮಾಲೀಕ ಬರೆಯಬಹುದು, ಗ್ರೂಪ್ ಓದಬಹುದು, ಬೇರೆ ಯಾರಿಗೂ ಇಲ್ಲ), ಅದರ ಮಾಲೀಕ ರೂಟ್, ಗ್ರೂಪ್ ಅಪಾಚೆ.