ಏಳು ವರ್ಷದ ಆಯಿಲ್
ಇವತ್ತು ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದೆ. ಏಳು ವರ್ಷ, 82,000 ಕಿಲೋಮೀಟರ್. ‘ಇದು ಗಾಡಿ ಇರೋ ತನಕ ಬರುತ್ತೆ, ಮುಟ್ಟಬೇಡಿ’ ಅಂತ ಶೋರೂಮ್‌ನವರು ಅಂದಿದ್ದರು. ಡ್ರೈನ್ ಬೋಲ್ಟ್ ಬಿಚ್ಚಿದರೆ ಇಳಿದದ್ದು ಕಾಫಿ ಡಿಕಾಕ್ಷನ್ ಬಣ್ಣ! ಹೊಸದು ದಾಳಿಂಬೆ ರಸದ ಹಾಗೆ ಕೆಂಪು. ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ನೆ ನೋಡುತ್ತಾ ನಿಂತೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಾನು ಎಸಿ ಹಾಕಿಕೊಂಡು ಕೂತಿದ್ದಾಗ, ಗೇರ್‌ಬಾಕ್ಸ್ ಒಳಗಿನ ಬಿಸಿಯನ್ನೆಲ್ಲ ಈ ಹಳೇ ಆಯಿಲ್ಲೇ ತಡೆದುಕೊಂಡಿದೆ ಅಲ್ವಾ?

ಒಮ್ಮೆ ಇಳಿಸಿದರೆ ಹಳೆಯದು ಪೂರ್ತಿ ಹೋಗುವುದಿಲ್ಲ. ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ತುಂಬಾ ಉಳಿದಿರುತ್ತದೆ. ಎಷ್ಟು ಇಳಿಯಿತೋ ಅಳೆದು ಅಷ್ಟೇ ತುಂಬಿದೆ. ಆಮೇಲೆ ಎಂಜಿನ್ ಬಿಸಿಯಾದ ಮೇಲೆ ಮಟ್ಟ ನೋಡಿದೆ.

ಸಂಜೆ ಒಂದು ಸುತ್ತು ಹೋಗಿ ಬಂದೆ. ಎರಡರಿಂದ ಮೂರನೇ ಗೇರ್‌ಗೆ ಬೀಳುವಾಗ ಬರುತ್ತಿದ್ದ ಜರ್ಕ್ ಕಡಿಮೆಯಾಗಿದೆ. ಒಳಗೆ ಉಳಿದ ಹಳೆಯದೂ ಕಡಿಮೆಯಾಗಲಿ ಅಂತ ಮುಂದಿನ ತಿಂಗಳು ಇನ್ನೊಂದು ಸಲ ಬದಲಾಯಿಸುತ್ತೇನೆ.