ಬಂಡೆ ಒಡೆಯುವ ಮೊದಲು ಎತ್ತಿಡಬೇಕಾದ ಮಣ್ಣು

ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಅಂಚಿನಲ್ಲಿ, ಹಲವು ವರ್ಷ ನಡೆದು ಈಗ ನಿಂತುಹೋಗಿರುವ ಕಲ್ಲುಕ್ವಾರಿಯೊಂದಿದೆ. ಅದರ ಪಕ್ಕದಲ್ಲಿ ಕ್ವಾರಿ ಶುರುವಾದಾಗ ಕೆತ್ತಿ ತೆಗೆದ ಮಣ್ಣು ಮೂರಾಳೆತ್ತರದ ಗುಡ್ಡೆಯಾಗಿ ಬಿದ್ದಿದೆ. ಆ ಜಾಗದಲ್ಲಿ ಗಿಡ ನೆಡುವ ಮಾತು ಬಂದಾಗ, ಕೃಷಿ ಪಾಠ ಹೇಳಿ ನಿವೃತ್ತನಾದವನೆಂದು ನನ್ನನ್ನೂ ಕರೆದಿದ್ದರು. ಗುಡ್ಡೆಯ ಮಗ್ಗುಲನ್ನು ಗುದ್ದಲಿಯಿಂದ ಎರಡು ಮೊಳ ಒಳಕ್ಕೆ ಕಡಿದು ನೋಡಿದರೆ, ಒಂದು ಬೇರಿನ ಎಳೆಯಾಗಲಿ ಒಂದು ಎರೆಹುಳುವಾಗಲಿ ಇರಲಿಲ್ಲ; ಹಿಡಿಗೆ ತೆಗೆದುಕೊಂಡ ಮಣ್ಣು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಜೊತೆಗಿದ್ದ ಹಿರಿಯ ರೈತರೊಬ್ಬರು ಅದನ್ನು ಮೂಸಿ, "ಜೀವ್ವೇ ಇಲ್ಲ ಮೇಷ್ಟ್ರೇ, ಸತ್ತೋಗದೆ ಮಣ್ಣು" ಎಂದರು.

ಅವರ ಮಾತು ಅಕ್ಷರಶಃ ನಿಜ. ಮೇಲ್ಮಣ್ಣೆಂದರೆ ಬರೀ ಪುಡಿಯಾದ ಕಲ್ಲಲ್ಲ. ಆ ನೆಲದಲ್ಲೇ ಬಿದ್ದ ಹುಲ್ಲು, ಗಿಡಗಂಟೆಗಳ ಬೀಜ, ಕೊಳೆತ ಎಲೆಯ ಸತ್ವ, ಬೇರುಗಳ ಜೊತೆ ಬಾಳುತ್ತಾ ಅವಕ್ಕೆ ರಂಜಕವನ್ನು (ಫಾಸ್ಫರಸ್) ಒದಗಿಸುವ ಮೈಕೊರೈಜಾ ಶಿಲೀಂಧ್ರ, ಇವೆಲ್ಲವೂ ಹೆಚ್ಚಾಗಿ ಮೇಲಿನ ಒಂದು ಗೇಣು ಮಣ್ಣಿನಲ್ಲಿಯೇ ಇರುತ್ತವೆ. ಎತ್ತರದ ಗುಡ್ಡೆಯಾಗಿ ಒಟ್ಟಿದಾಗ ಒಳಗೆ ಗಾಳಿ ಆಡುವುದಿಲ್ಲ. ಜೀವಂತ ಬೇರಿನ ಆಸರೆಯಿಲ್ಲದೆ ಶಿಲೀಂಧ್ರ ಸೊರಗುತ್ತದೆ, ಬೀಜಗಳು ವರ್ಷದಿಂದ ವರ್ಷಕ್ಕೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ಗಣಿ ಮುಚ್ಚುವಾಗ ಹಸಿರು ಬರುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಗಣಿ ತೆರೆಯುವ ದಿನವೇ ತೀರ್ಮಾನವಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ಎಷ್ಟು ಮಣ್ಣೆಂದು ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಮೇಲಿನ 20 ಸೆಂಟಿಮೀಟರ್ ಮಾತ್ರ ತೆಗೆದರೂ 800 ಘನ ಮೀಟರಿಗೂ ಮಿಕ್ಕಿದ ಮಣ್ಣಾಗುತ್ತದೆ. ಮೂರು ಬ್ರಾಸ್, ಅಂದರೆ ಮುನ್ನೂರು ಘನ ಅಡಿ, ಹಿಡಿಯುವ ಟಿಪ್ಪರಿನಲ್ಲಿ ತೊಂಬತ್ತೈದು ಲೋಡು, ಅಗೆದ ಮಣ್ಣು ಉಬ್ಬುವುದರಿಂದ ಅದಕ್ಕೂ ಹೆಚ್ಚು. ಇಷ್ಟು ಮಣ್ಣನ್ನು ಎಲ್ಲಿಡಬೇಕೆಂದು ಮೊದಲೇ ಗುರುತು ಮಾಡದಿದ್ದರೆ ಅದು ರಸ್ತೆಗೋ ಸೈಟು ತುಂಬಲಿಕ್ಕೋ ಹೋಗುತ್ತದೆ. ನಮ್ಮೂರಿನಲ್ಲಿಯೂ ಒಂದಷ್ಟು ಹಾಗೆಯೇ ಹೋಯಿತು. ಉಳಿದದ್ದನ್ನು ಅಡಿಯ ಗರಸಿನ (ಸಣ್ಣ ಕಲ್ಲು ಬೆರೆತ ಒರಟು ಮಣ್ಣಿನ) ಜೊತೆ ಕಲಸಿ ಒಟ್ಟಿದರು. ಆ ನಷ್ಟದ ನೋವು ನನಗೆ ಇನ್ನೂ ಹೋಗಿಲ್ಲ.

ಮಣ್ಣು ತೆಗೆಯುವುದಕ್ಕೂ ಹದವಿದೆ. ಉಳುವ ಹದವೇ ಅದರ ಹದ: ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಕೆಸರಾಗಿದ್ದಾಗ ಜೆಸಿಬಿ ಇಳಿಸಿದರೆ ಮಣ್ಣಿನ ರಚನೆ ಹಾಳಾಗಿ ಹೆಂಟೆಗಟ್ಟುತ್ತದೆ; ಕಡುಬೇಸಗೆಯಲ್ಲಾದರೆ ನುಣುಪಾದ ಸತ್ವವೆಲ್ಲ ದೂಳಾಗಿ ಹಾರಿಹೋಗುತ್ತದೆ. ಮೇಲಿನ ಪದರವನ್ನೂ ಅದರ ಕೆಳಗಿನ ಮಣ್ಣನ್ನೂ ಬೇರೆಬೇರೆಯಾಗಿಯೇ ಎತ್ತಬೇಕು. ಒಂದು ಕಡೆ ತೆಗೆದದ್ದನ್ನು ಕೆಲಸ ಮುಗಿದ ಇನ್ನೊಂದು ಕಡೆಗೆ ಅಂದೇ ಹರಡಿಬಿಡುವುದು ಎಲ್ಲಕ್ಕಿಂತ ಮೇಲು. ಅದು ಸಾಧ್ಯವಾಗದಿದ್ದರೆ ಎರಡು ಮೀಟರ್ ಮೀರದ ತಗ್ಗು ದಿಬ್ಬಗಳಾಗಿ, ನೀರು ಹರಿಯುವ ಹಳ್ಳದಿಂದ ದೂರದಲ್ಲಿಟ್ಟು, ಮೇಲೆ ಹುರುಳಿಯನ್ನೋ ಅಪ್ಸೆಣಬನ್ನೋ ಚೆಲ್ಲಿ ಬೇರು ಜೀವಂತವಾಗಿರುವಂತೆ ನೋಡಿಕೊಳ್ಳಬೇಕು. ದಿಬ್ಬದ ಮೇಲೆ ವಾಹನ ಹತ್ತಿಸಕೂಡದು.

ಗಣಿ ಕೆಲಸ ಮುಗಿದ ಮೇಲೆ ಗುತ್ತಿಗೆದಾರರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೂ ಗಿಡಮರಗಳಿಗೂ ಪ್ರಾಣಿಗಳಿಗೂ ಯೋಗ್ಯವಾಗುವಂತೆ ಮಾಡಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸುವಂತೆ ಸುಪ್ರೀಂ ಕೋರ್ಟು 2020ರ ಜನವರಿ 8ರಂದು ಹೇಳಿದೆ. ಆ ಆದೇಶದಲ್ಲಿ ಮರಕ್ಕಿಂತ ಮೊದಲು ಹುಲ್ಲಿನ ಮಾತು ಬಂದಿರುವುದು ನನಗೆ ಬಹಳ ಸರಿಯೆನಿಸುತ್ತದೆ. ನಾವಾದರೋ ಗುಂಡಿ ತೆಗೆದು ಸಸಿಯಿಟ್ಟು ಫೋಟೋ ತೆಗೆಸಿಕೊಳ್ಳುವುದನ್ನೇ ಕೆಲಸವೆಂದುಕೊಂಡಿದ್ದೇವೆ.

ನೆಲ ಯಾವುದೆಂಬುದೂ ಮುಖ್ಯ. ಮೈಸೂರಿನ ದಕ್ಷಿಣಕ್ಕೆ ಕ್ರೋಮೈಟು (ಕ್ರೋಮಿಯಂನ ಅದಿರು) ತೆಗೆದ ಸಿಂಧುವಳ್ಳಿಯ ಕಡೆಯ ಶಿಲೆಯಲ್ಲಿ ಮೆಗ್ನೀಷಿಯಂ ವಿಪರೀತ, ಸುಣ್ಣದ ಅಂಶ ಕಡಿಮೆ, ಜೊತೆಗೆ ನಿಕ್ಕಲ್ ಮತ್ತು ಕ್ರೋಮಿಯಂ ಇರುತ್ತವೆ. ಅಂಥ ಕಡೆ ಜಿಪ್ಸಂ ಹಾಕಿ ಕ್ಯಾಲ್ಸಿಯಂ ಒದಗಿಸಬೇಕಾಗಬಹುದು. ಅಲ್ಲಿಯ ತೆಳುವಾದ ಮೇಲ್ಮಣ್ಣಿಗೆ ಒಗ್ಗಿಕೊಂಡ ಸ್ಥಳೀಯ ಗಿಡಗಳ ಬೀಜವಂತೂ ಬೇರೆಲ್ಲೂ ಕೊಳ್ಳಲು ಸಿಗುವುದಿಲ್ಲ. ನಮ್ಮ ಕಡೆಯ ಬಿಳಿಕಲ್ಲಿನ ಕ್ವಾರಿಗೆ ಆ ತೊಂದರೆಯಿಲ್ಲ. ಇಲ್ಲಿಯ ಕಷ್ಟವೆಂದರೆ ಟಿಪ್ಪರು ಓಡಾಡಿ ಕಲ್ಲಿನಂತಾದ ಗರಸು ಮತ್ತು ನಿಲ್ಲದ ನೀರು.

ಹಾಗಾಗಿ ನಾನು ಬರೆದುಕೊಟ್ಟ ಯೋಜನೆಯಲ್ಲಿ ಮೊದಲು ಗರಸನ್ನು ಇಳಿಜಾರಿಗೆ ಅಡ್ಡಲಾಗಿ ಸೀಳಿ ಸಡಿಲಿಸುವುದು, ಅದರ ಮೇಲೆ ಗುಡ್ಡೆಯ ಮಣ್ಣನ್ನು ಕೊಟ್ಟಿಗೆ ಗೊಬ್ಬರ ಮತ್ತು ಕೆರೆಯ ಗೋಡಿನೊಂದಿಗೆ ಬೆರೆಸಿ ಹರಡಿ, ನುಣ್ಣಗೆ ಮಾಡದೆ ಉಬ್ಬುತಗ್ಗಾಗಿಯೇ ಬಿಡುವುದು ಎಂದಿತ್ತು. ಪಕ್ಕದ ಕುರುಚಲು ಕಾಡಿನಂಚಿನಿಂದ ಕೆರೆದು ತಂದ ಕೆಲವೇ ಬುಟ್ಟಿ ಜೀವಂತ ಮಣ್ಣನ್ನು, ಹೆಪ್ಪು ಹಾಕುವಂತೆ, ಅಲ್ಲಲ್ಲಿ ಸೇರಿಸಲು ಹೇಳಿದೆ. ಮೊದಲ ಮಳೆಗಾಲಕ್ಕೆ ಹುಲ್ಲು, ಹುರುಳಿ, ತಂಗಡಿ, ಬಂದರಿಕೆ. ಅವು ನೆಲ ಹಿಡಿದ ಮೇಲೆ ಹೊಂಗೆ, ಬೇವು, ಕಮರ. ನೀಲಗಿರಿ ಬೇಡವೆಂದೆ.

ಮೊದಲ ಎರಡು ವರ್ಷ ಆಡುಕುರಿ ಬಿಡಬಾರದೆಂಬ ಮಾತಿಗೆ ಮಾತ್ರ ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ, ಹುಲ್ಲನ್ನು ಕೊಯ್ದು ಹೊರೆ ಕಟ್ಟಿ ಒಯ್ಯಬಹುದು, ಮೇಯಿಸುವಂತಿಲ್ಲ ಎಂದು ಕುರಿ ಸಾಕಿದವರೇ ಒಪ್ಪಿಕೊಂಡರು. ಭರಣಿ ಮಳೆಗೆ ಮುಂಚೆ ಗರಸು ಸೀಳುವ ಕೆಲಸ ಮುಗಿಯಬೇಕು.