ಗೇಟ್ ಹಾಕೋರು ಯಾರು?

ಕಳೆದ ಭಾನುವಾರ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್ ರೈಲು ಹಿಡಿದೆವು, ನಾನು ಮತ್ತು ಚಿಕ್ಕಪ್ಪ. ಅವರು ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು, ಆದರೂ ದಾರಿಯಲ್ಲಿ ಗೇಟ್ ಬಂದರೆ ಕಿಟಕಿಗೆ ಮುಖ ಇಟ್ಟು ನೋಡುತ್ತಾರೆ.

ಡಿಸೆಂಬರ್‌ನಲ್ಲಿ ನಾನು ಥಾಯ್ಲೆಂಡಿನ ನಾಂಗ್ ಖಾಯ್ ಊರಿನಿಂದ ರೈಲಿನಲ್ಲೇ ಮೆಕಾಂಗ್ ನದಿ ದಾಟಿ ಲಾವೋಸಿಗೆ ಹೋಗಿದ್ದೆ. ಕಾವೇರಿ ಮೇಲೆ ರೈಲು ಬಂದ ತಕ್ಷಣ ಚಿಕ್ಕಪ್ಪ ಅದನ್ನೇ ತೆಗೆದರು. "ಅಲ್ಲಿ ಬಸ್ಸೂ ರೈಲೂ ಒಂದೇ ಸೇತುವೆ ಮೇಲೆ ಅಂದ್ಯಲ್ಲ, ಅದು ಹೆಂಗೋ?"

ಹೇಳಿದೆ. ಸೇತುವೆ 1,170 ಮೀಟರ್ ಉದ್ದ. ಆಸ್ಟ್ರೇಲಿಯಾ ದುಡ್ಡು ಕೊಟ್ಟು ಕಟ್ಟಿಸಿದ್ದು, 1994ರ ಏಪ್ರಿಲ್ 8ಕ್ಕೆ ಶುರುವಾಯಿತು. ಆಚೆಗೊಂದು ಈಚೆಗೊಂದು ಲೇನ್, ನಡುವೆ ರಸ್ತೆಯಲ್ಲೇ ಹೂತಂತೆ ಒಂದೇ ಒಂದು ಹಳಿ. ಅದೂ ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಗಲ. ಅಷ್ಟು ಕೇಳಿದ್ದೇ ಚಿಕ್ಕಪ್ಪನ ಮುಖ ಅರಳಿತು. ನಮ್ಮ ಮೈಸೂರು ಲೈನ್ ಮೀಟರ್ ಗೇಜ್ ಆಗಿದ್ದಾಗ ಕೆಲಸಕ್ಕೆ ಸೇರಿದವರು ಅವರು.

"ಹಂಗಾದ್ರೆ ಗೇಟ್ ಹಾಕೋರು ಯಾರು?"

ರೈಲು ಸೇತುವೆ ಮೇಲಿದ್ದಷ್ಟು ಹೊತ್ತು ಗಾಡಿಗಳನ್ನು ಬಿಡುವುದಿಲ್ಲ, ಎರಡೂ ದೇಶದವರು ಕಾಯಬೇಕು ಅಂದೆ. ಥಾಯ್ಲೆಂಡಿನಲ್ಲಿ ನಮ್ಮ ಹಾಗೆ ಎಡಕ್ಕೆ ಓಡಿಸುತ್ತಾರೆ, ಲಾವೋಸಿನಲ್ಲಿ ಬಲಕ್ಕೆ, ಹಾಗಾಗಿ ಲಾವೋಸ್ ಕಡೆ ಇಳಿದ ಮೇಲೆ ಸಿಗ್ನಲ್ ಹತ್ತಿರ ಗಾಡಿಗಳು ಪಕ್ಕ ಬದಲಾಯಿಸಿಕೊಳ್ಳಬೇಕು. ಆದರೆ ನನಗೆ ಜಾಸ್ತಿ ಕಾಡಿದ್ದು ಬೇರೆ. ರೈಲಿಗೂ ಜಾಗ ಬಿಟ್ಟೇ ಕಟ್ಟಿದ ಸೇತುವೆ ಅದು, ಅದರ ಮೇಲೆ ಜನ ಕೂತು ರೈಲಿನಲ್ಲಿ ಗಡಿ ದಾಟಿದ್ದು 2009ರ ಮಾರ್ಚ್‌ನಲ್ಲಿ. 15 ವರ್ಷ! ಕಾಂಕ್ರೀಟ್ ಹಾಕುವುದಕ್ಕಿಂತ ಎರಡು ಸರ್ಕಾರಗಳ ಮಾತು ಕೂಡುವುದೇ ನಿಧಾನ.

ಸ್ಟೇಷನ್‌ನಲ್ಲಿ ಇಳಿದು ವೆಲ್ಲೆಸ್ಲಿ ಸೇತುವೆಗೆ ನಡೆದೆವು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರ ಹೊತ್ತಿಗೆ ಮುಗಿದದ್ದು. ಕಮಾನೇ ಇಲ್ಲ. ಕಲ್ಲು ಕಂಬ ನಿಲ್ಲಿಸಿ ಅದರ ಮೇಲೆ ಉದ್ದುದ್ದ ಕಲ್ಲು ತೊಲೆ ಹಾಸಿದ್ದಾರೆ. ಆಗ ಇದೂ ಗಡಿಯೇ ಅಲ್ವಾ? ಟಿಪ್ಪು ಹೋದ ಮೇಲೆ, 1799ರಲ್ಲಿ, ಕಾವೇರಿ ನಡುವಿನ ಈ ಶ್ರೀರಂಗಪಟ್ಟಣ ದ್ವೀಪ ಈಸ್ಟ್ ಇಂಡಿಯಾ ಕಂಪನಿ ಪಾಲಾಯಿತು, ಸುತ್ತಲಿನ ಸೀಮೆ ಮೈಸೂರು ಅರಸರದ್ದಾಯಿತು. ನಡುವೆ ಬ್ರಿಟಿಷರು ಕೈಗೆ ತೆಗೆದುಕೊಂಡಿದ್ದ ರಾಜ್ಯ 1881ರಲ್ಲಿ ಅರಸರಿಗೆ ವಾಪಸ್ ಬಂದಾಗ ದ್ವೀಪವೂ ಮೈಸೂರಿಗೆ ಸೇರಿತು, ಬದಲಿಗೆ ಬ್ರಿಟಿಷರು ಬೆಂಗಳೂರಿನ ದಂಡಿನ ಪ್ರದೇಶ ಇಟ್ಟುಕೊಂಡರು. ಬಾಲ್ಯದಿಂದ ಈ ಸೇತುವೆ ನೋಡಿದ್ದೇನೆ. ಒಂದು ಗಡಿ ದಾಟುತ್ತಿದ್ದೇನೆ ಅಂತ ಯಾವತ್ತೂ ಅನ್ನಿಸಿರಲಿಲ್ಲ, ಮೆಕಾಂಗ್ ನೋಡಿ ಬಂದ ಮೇಲೇ ಅದು ಹೊಳೆದದ್ದು.

ಚಿಕ್ಕಪ್ಪ ಬಗ್ಗಿ ಕಂಬಗಳ ನಡುವೆ ನೀರು ಹೋಗುವುದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಪಾಸ್‌ಪೋರ್ಟ್ ಮಾಡ್ಸೋಕೆ ನನ್ನ ಪೆನ್ಷನ್ ಪುಸ್ತಕ ಸಾಕಾ, ಇಲ್ಲ ಆಧಾರೂ ಬೇಕಾ?"